ಫೇಲ್‌ಓವರ್ ಯಶಸ್ವಿ, ಕೌಂಟರ್ ಬಂದ್: ವರ್ಚುವಲ್ ಯಂತ್ರಗಳ ರಿಕವರಿ ಪ್ಲಾನಿನಲ್ಲಿ ದೋಷ ಹುಡುಕುವ ಕ್ರಮ

ಮೂಲ ಕಚೇರಿಯ ಸರ್ವರ್‌ಗಳು ಬಿದ್ದಾಗ ಅವುಗಳ ಪ್ರತಿಗಳನ್ನು ವರ್ಚುವಲ್ ಯಂತ್ರಗಳಾಗಿ (ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳಾಗಿ) ಬೇರೆ ತಾಣದಲ್ಲಿ ಎಬ್ಬಿಸುವುದು ಫೇಲ್‌ಓವರ್, ಅದರ ಹಂತಗಳನ್ನು ಕ್ರಮವಾಗಿ ಬರೆದಿಟ್ಟದ್ದು ರಿಕವರಿ ಪ್ಲಾನ್. ಅದನ್ನು ಓಡಿಸಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಪೋರ್ಟಲ್‌ನಲ್ಲಿ ಹಂತ ಹಂತಕ್ಕೂ ಹಸಿರು ಗುರುತು ಬಿದ್ದಿರುತ್ತದೆ, ಯಂತ್ರಗಳೆಲ್ಲ ಚಾಲನೆಯಲ್ಲಿವೆ ಎಂದು ತೋರಿಸುತ್ತದೆ, ಆದರೆ ಸಿದ್ದಾಪುರದ ಶಾಖೆಯಲ್ಲಿ ಪಾಸ್‌ಬುಕ್ ಹಿಡಿದು ನಿಂತ ಸದಸ್ಯರಿಗೆ ಉತ್ತರ ಹೇಳಬೇಕಾದ ಗುಮಾಸ್ತರ ಪರದೆಯಲ್ಲಿ ಲಾಗಿನ್ ಪುಟವೇ ತೆರೆಯುವುದಿಲ್ಲ. ಯಂತ್ರ ಚಾಲೂ ಆಗುವುದು ಬೇರೆ, ಸೇವೆ ಸಿದ್ಧವಾಗುವುದು ಬೇರೆ. ರಿಕವರಿ ಪ್ಲಾನ್ ತಾನಾಗಿ ಗಮನಿಸುವುದು ಮೊದಲನೆಯದನ್ನು ಮಾತ್ರ, ಎರಡನೆಯದನ್ನು ನಾವೇ ಅದರೊಳಗೆ ಬರೆದು ಸೇರಿಸಬೇಕು. ಈ ಕೈಪಿಡಿಯಲ್ಲಿ ಹೇಳಿರುವ ದೋಷಗಳಲ್ಲಿ ಹೆಚ್ಚಿನವು ಹಾಗೆ ಬರೆಯದೆ ಬಿಟ್ಟದ್ದರಿಂದ ಅಥವಾ ತಪ್ಪಾಗಿ ಬರೆದದ್ದರಿಂದ ಹುಟ್ಟುವಂಥವು.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಶಿರಸಿಯಲ್ಲಿ ಪ್ರಧಾನ ಕಚೇರಿ, ಕುಮಟಾ, ಕಾರವಾರ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಶಾಖೆಗಳಿರುವ ಒಂದು ಅಡಿಕೆ ಮಾರಾಟ ಸಹಕಾರಿ ಸಂಘ. ಶಿರಸಿಯ ವಿಎಂವೇರ್ (ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ) ಸರ್ವರ್‌ಗಳ ಮೇಲೆ ಡೊಮೈನ್ ಕಂಟ್ರೋಲರ್ (ಬಳಕೆದಾರರ ಲಾಗಿನ್ ಪರಿಶೀಲಿಸುವ ಯಂತ್ರ), ಅಡಿಕೆ ಟೆಂಡರಿನ ಡೇಟಾಬೇಸ್, ಸದಸ್ಯರ ಖಾತೆಗಳ ಡೇಟಾಬೇಸ್, ಅಪ್ಲಿಕೇಶನ್ ಸರ್ವರ್, ವೆಬ್ ಸರ್ವರ್, ಎಸ್‌ಎಂಎಸ್ ಕಳಿಸುವ ಒಂದು ಯಂತ್ರ, ಒಂದು ಫೈಲ್ ಸರ್ವರ್ ಇವೆ. ಇವೆಲ್ಲವೂ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಸೈಟ್ ರಿಕವರಿ ಸೇವೆಯ ಮೂಲಕ ಪುಣೆಯಲ್ಲಿರುವ ಸೆಂಟ್ರಲ್ ಇಂಡಿಯಾ ಪ್ರದೇಶಕ್ಕೆ ರೆಪ್ಲಿಕೇಟ್ ಆಗುತ್ತಿವೆ, ಅಂದರೆ ಅವುಗಳ ಪ್ರತಿ ಅಲ್ಲಿ ಸದಾ ಹೊಸದಾಗುತ್ತಿರುತ್ತದೆ. ಎರಡನೆಯ ತಾಣವನ್ನು ಕಾರವಾರದ ಶಾಖೆಯಲ್ಲೇ ಇಡಬಹುದಿತ್ತಲ್ಲ ಎಂಬ ಪ್ರಶ್ನೆ ಆಡಳಿತ ಮಂಡಳಿಯಲ್ಲಿ ಪ್ರತಿ ವರ್ಷ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರಂದು, ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದುಬಿತ್ತು. ಒಂದೇ ಮಳೆಗಾಲಕ್ಕೆ ಒಳಗಾಗುವ ಎರಡು ಊರುಗಳಲ್ಲಿ ಮೂಲವನ್ನೂ ಪ್ರತಿಯನ್ನೂ ಇಡುವುದು ವಿಪತ್ತಿನ ತಯಾರಿ ಎನಿಸುವುದಿಲ್ಲ.

ಮೊದಲು ಜಾಬಿನ ವಿವರ ಓದಬೇಕು

ದೋಷ ಕಂಡ ಕೂಡಲೇ ಅಪ್ಲಿಕೇಶನ್ ಸರ್ವರ್‌ಗೆ ಲಾಗಿನ್ ಆಗಿ ಸರ್ವಿಸ್ ಮರುಚಾಲೂ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ. ಅದನ್ನು ಬಿಟ್ಟು ವಾಲ್ಟ್‌ನ (ಅಜೂರ್‌ನಲ್ಲಿ ಚೇತರಿಕೆಯ ಮಾಹಿತಿ ಇರುವ ಜಾಗದ) ಸೈಟ್ ರಿಕವರಿ ಜಾಬ್‌ಗಳ (ಓಡಿಸಿದ ಕೆಲಸಗಳ) ಪಟ್ಟಿಗೆ ಹೋಗಿ, ಪ್ಲಾನಿನ ಜಾಬನ್ನು ಬಿಡಿಸಿ, ಯಾವ ಗುಂಪು ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು ಎಂಬುದನ್ನು ಬರೆದುಕೊಳ್ಳಬೇಕು. ಪ್ಲಾನಿನ ಒಂದು ಗುಂಪಿನೊಳಗಿನ ಯಂತ್ರಗಳು ಒಟ್ಟಿಗೆ ಚಾಲೂ ಆಗುತ್ತವೆ, ಗುಂಪುಗಳು ಒಂದಾದ ಮೇಲೊಂದರಂತೆ ಸಾಗುತ್ತವೆ. ಹೊಸ ಪ್ಲಾನ್ ಮಾಡಿದಾಗ ಎಲ್ಲ ಯಂತ್ರಗಳೂ ಮೊದಲನೆಯ ಗುಂಪಿಗೇ ಬಂದು ಕೂರುತ್ತವೆ. ಅದನ್ನು ಹಾಗೆಯೇ ಉಳಿಸಿಕೊಂಡು ವರ್ಷಗಟ್ಟಲೆ ನಡೆಸುವವರು ಕಡಿಮೆಯೇನಿಲ್ಲ. ಅಂಥ ಪ್ಲಾನಿನಲ್ಲಿ ಡೇಟಾಬೇಸ್ ಏಳುವ ಮೊದಲೇ ಅಪ್ಲಿಕೇಶನ್ ಎದ್ದು, ಸಂಪರ್ಕ ಸಿಗದೆ ಸೋತು ಕೂತರೆ ಅದು ಆಶ್ಚರ್ಯದ ವಿಷಯವಲ್ಲ. ಒಂದು ಪ್ಲಾನಿನಲ್ಲಿ 7 ಗುಂಪುಗಳವರೆಗೆ ಮಾಡಲು ಅವಕಾಶವಿದೆ. ಈ ಸಂಘಕ್ಕೆ 4 ಸಾಕು: ಡೊಮೈನ್ ಕಂಟ್ರೋಲರ್, ಎರಡು ಡೇಟಾಬೇಸ್‌ಗಳು, ಅಪ್ಲಿಕೇಶನ್ ಮತ್ತು ಫೈಲ್ ಸರ್ವರ್, ಕೊನೆಗೆ ವೆಬ್ ಮತ್ತು ಎಸ್‌ಎಂಎಸ್.

ಜಾಬು ಮೊದಲ ಹಂತದಲ್ಲೇ, ಯಂತ್ರ ಸೃಷ್ಟಿಯಾಗುವಾಗಲೇ ಬಿದ್ದಿದ್ದರೆ ಕಾರಣ ಸಾಮಾನ್ಯವಾಗಿ ಕೋಟಾದಲ್ಲಿರುತ್ತದೆ. ಗುರಿ ಪ್ರದೇಶದಲ್ಲಿ ನಮ್ಮ ಚಂದಾದಾರಿಕೆಗೆ ಮಂಜೂರಾದ ವರ್ಚುವಲ್ ಸಿಪಿಯುಗಳ ಮಿತಿ ಏಳೂ ಯಂತ್ರಗಳಿಗೆ ಸಾಲದೆ ಹೋಗಿರುತ್ತದೆ. ಒಂದೆರಡು ಯಂತ್ರಗಳ ಟೆಸ್ಟ್ ಫೇಲ್‌ಓವರ್ (ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ ನಡೆಸುವ ತಾಲೀಮು) ಮಾತ್ರ ಮಾಡಿದವರಿಗೆ ಇದು ಗೊತ್ತಾಗುವುದು ನಿಜವಾದ ವಿಪತ್ತಿನ ದಿನ. ಮಿತಿ ಹೆಚ್ಚಿಸುವ ಮನವಿಯನ್ನು ಮಳೆಗಾಲಕ್ಕೆ ಮುಂಚೆಯೇ ಸಲ್ಲಿಸಿಡಬೇಕು.

ಹಸಿರು ಗುರುತಿನ ಹಿಂದೆ ಸೋತ ರನ್‌ಬುಕ್

ಗುಂಪಿನ ಮುಂಚೆ ಅಥವಾ ನಂತರ ಓಡಲೆಂದು ಸೇರಿಸಿದ ರನ್‌ಬುಕ್‌ಗಳನ್ನು (ಅಜೂರ್ ಆಟೊಮೇಶನ್‌ನಲ್ಲಿ ಓಡುವ ಸ್ಕ್ರಿಪ್ಟುಗಳನ್ನು) ಬೇರೆಯಾಗಿಯೇ ಪರೀಕ್ಷಿಸಬೇಕು. ಇಲ್ಲಿ ತಿಳಿದಿರಲೇಬೇಕಾದ ಒಂದು ನಡವಳಿಕೆಯಿದೆ. ಯೋಜಿತ ಫೇಲ್‌ಓವರ್‌ನಲ್ಲಿ ಸ್ಕ್ರಿಪ್ಟ್ ಸೋತರೆ ಪ್ಲಾನ್ ಅಲ್ಲಿಯೇ ನಿಲ್ಲುತ್ತದೆ, ಆದರೆ ಅನಿರೀಕ್ಷಿತ ಫೇಲ್‌ಓವರ್‌ನಲ್ಲಿ ಸ್ಕ್ರಿಪ್ಟ್ ಸೋತರೂ ಪ್ಲಾನ್ ಮುಂದಕ್ಕೆ ಸಾಗುತ್ತದೆ. ಗಾಳಿಮಳೆಯ ರಾತ್ರಿ ನಾವು ಓಡಿಸುವುದು ಎರಡನೆಯದನ್ನೇ. ಆದ್ದರಿಂದ ಯಂತ್ರಗಳೆಲ್ಲ ಎದ್ದಿದ್ದರೂ ಲೋಡ್ ಬ್ಯಾಲೆನ್ಸರ್ (ಬಂದ ಸಂಪರ್ಕಗಳನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಜೋಡಣೆಯಾಗಿಲ್ಲ, ನೆಟ್‌ವರ್ಕ್ ಭದ್ರತಾ ನಿಯಮ ಅಂಟಿಲ್ಲ ಎಂಬ ಸ್ಥಿತಿ ಕಂಡರೆ ಆಟೊಮೇಶನ್ ಖಾತೆಗೆ ಹೋಗಿ ರನ್‌ಬುಕ್ ಜಾಬಿನ ಎರರ್ ಭಾಗವನ್ನು ತೆರೆದು ಓದಬೇಕು. ಜಾಬಿನ ಸ್ಥಿತಿ ಪೂರ್ಣಗೊಂಡಿದೆ ಎಂದಿದ್ದ ಮಾತ್ರಕ್ಕೆ ನಂಬಬಾರದು. ರನ್‌ಬುಕ್ ಬರೆಯುವ ಪವರ್‌ಶೆಲ್ ಭಾಷೆಯಲ್ಲಿ ಬಹಳಷ್ಟು ದೋಷಗಳು ಓಟವನ್ನು ನಿಲ್ಲಿಸುವುದಿಲ್ಲ, ಒಂದು ಸಾಲು ಸೋತರೂ ಮುಂದಿನ ಸಾಲುಗಳು ಓಡಿ ಕೊನೆಗೆ ಎಲ್ಲ ಸರಿ ಎಂಬ ಮುದ್ರೆ ಬೀಳುತ್ತದೆ. ಸ್ಕ್ರಿಪ್ಟಿನ ಆರಂಭದಲ್ಲೇ ಎರರ್ ಆಕ್ಷನ್ ಪ್ರಿಫರೆನ್ಸ್ ಅನ್ನು ಸ್ಟಾಪ್ ಎಂದು ನಿಗದಿಪಡಿಸಿ, ಮುಖ್ಯ ಕೆಲಸವನ್ನು ಟ್ರೈ-ಕ್ಯಾಚ್ ಒಳಗೆ ಇಟ್ಟರೆ ಸೋಲು ಸೋಲಾಗಿಯೇ ಕಾಣುತ್ತದೆ.

ರನ್‌ಬುಕ್ ಹಳೆಯದಾಗಿದ್ದರೆ ಮೊದಲ ಅನುಮಾನ ಲಾಗಿನ್ ಸಾಲಿನ ಮೇಲೆ ಇರಲಿ. ರನ್‌ಬುಕ್‌ಗಳು ಅಜೂರ್‌ಗೆ ಲಾಗಿನ್ ಆಗಲು ಬಳಸುತ್ತಿದ್ದ ಆಟೊಮೇಶನ್‌ನ ರನ್-ಆ್ಯಸ್ ಖಾತೆಗಳು 2023ರ ಸೆಪ್ಟೆಂಬರ್ 30ಕ್ಕೆ ನಿವೃತ್ತಿಯಾದವು, ಅಜೂರ್‌ಗೆ ಆಜ್ಞೆ ಕೊಡುವ ಹಳೆಯ ಅಜೂರ್‌ಆರ್‌ಎಂ ಮಾಡ್ಯೂಲ್‌ಗಳು 2024ರ ಫೆಬ್ರವರಿ 29ಕ್ಕೆ. ಅದಕ್ಕೂ ಮುಂಚೆ ಬರೆದು, ಆಮೇಲೆ ಒಮ್ಮೆಯೂ ಓಡಿಸದ ಸ್ಕ್ರಿಪ್ಟು ಈಗ ಕಾಗದದ ಮೇಲಷ್ಟೇ ಜೀವಂತವಾಗಿದೆ. ಮ್ಯಾನೇಜ್ಡ್ ಐಡೆಂಟಿಟಿಗೆ (ಅಜೂರ್ ತಾನೇ ನಿರ್ವಹಿಸುವ ಲಾಗಿನ್ ಗುರುತಿಗೆ) ಬದಲಾಯಿಸಿ, ಚೇತರಿಕೆಯ ಯಂತ್ರಗಳಿರುವ ರಿಸೋರ್ಸ್ ಗ್ರೂಪ್‌ನ ಮೇಲೆ ಅದಕ್ಕೆ ತಕ್ಕ ಅಧಿಕಾರ ಕೊಟ್ಟಿದ್ದೀರಾ ಎಂಬುದನ್ನೂ ನೋಡಬೇಕು. ಬೇರೊಂದು ಗ್ರೂಪಿಗೆ ಕೊಟ್ಟು ಗುರಿಯದಕ್ಕೆ ಮರೆಯುವುದು ಬಹಳ ಸುಲಭ.

ಟೆಸ್ಟ್‌ನಲ್ಲಿ ಸೋತು ನಿಜ ಫೇಲ್‌ಓವರ್‌ನಲ್ಲಿ ಗೆಲ್ಲುವ ಸ್ಕ್ರಿಪ್ಟುಗಳೂ ಇವೆ. ಟೆಸ್ಟ್ ಫೇಲ್‌ಓವರ್‌ನಲ್ಲಿ ಹುಟ್ಟುವ ಯಂತ್ರದ ಹೆಸರಿಗೆ ಟೆಸ್ಟ್ ಎಂಬ ಬಾಲ ಸೇರುತ್ತದೆ, ಸ್ಕ್ರಿಪ್ಟಿನೊಳಗೆ ಹೆಸರನ್ನು ನೇರವಾಗಿ ಬರೆದಿದ್ದರೆ ಅದು ಸಿಗುವುದಿಲ್ಲ. ಪ್ಲಾನ್ ತಾನೇ ರನ್‌ಬುಕ್‌ಗೆ ಕೊಡುವ ರಿಕವರಿ ಪ್ಲಾನ್ ಕಾಂಟೆಕ್ಸ್ಟ್ ಎಂಬ ಮಾಹಿತಿಯಲ್ಲಿ ಪ್ಲಾನಿನ ಹೆಸರು, ಫೇಲ್‌ಓವರ್‌ನ ಬಗೆ, ದಿಕ್ಕು, ಗುಂಪಿನ ಗುರುತು, ಯಂತ್ರಗಳ ನಕ್ಷೆ ಎಲ್ಲವೂ ಇರುತ್ತದೆ. ಯಂತ್ರದ ಹೆಸರನ್ನು ಆ ನಕ್ಷೆಯಿಂದ ಓದಿಕೊಂಡರೆ ಎರಡೂ ಸಂದರ್ಭಗಳಿಗೆ ಒಂದೇ ಸ್ಕ್ರಿಪ್ಟ್ ಸಾಕಾಗುತ್ತದೆ. ಲಾಗ್ ಓದುವಾಗ ಇನ್ನೊಂದು ಎಚ್ಚರಿಕೆ ಬೇಕು: ರನ್‌ಬುಕ್ ತಾನೇ ಮುದ್ರಿಸುವ ವೇಳೆ ಯುಟಿಸಿಯದು, ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ಪೋರ್ಟಲ್‌ನ ವೇಳೆಯೊಂದಿಗೆ ಅದನ್ನು ನೇರವಾಗಿ ಹೋಲಿಸಿದರೆ ಘಟನೆಗಳ ಕ್ರಮವೇ ತಲೆಕೆಳಗಾಗುತ್ತದೆ.

ಡೊಮೈನ್ ಕಂಟ್ರೋಲರ್ ಎದ್ದಿದೆ, ಕೆಲಸಕ್ಕೆ ಬಂದಿಲ್ಲ

ಪ್ಲಾನು ಕೊನೆಯವರೆಗೆ ಸಾಗಿದ್ದು, ಯಾರಿಗೂ ಲಾಗಿನ್ ಆಗುತ್ತಿಲ್ಲವಾದರೆ ಡೊಮೈನ್ ಕಂಟ್ರೋಲರ್‌ನಿಂದ ಶುರುಮಾಡಿ. ಅದರಲ್ಲಿ ನೆಟ್ ಷೇರ್ ಆಜ್ಞೆ ಕೊಟ್ಟರೆ ಸಿಸ್‌ವಾಲ್, ನೆಟ್‌ಲಾಗಾನ್ ಎಂಬ ಹಂಚಿಕೆಯ ಫೋಲ್ಡರ್‌ಗಳೆರಡೂ ಕಾಣಬೇಕು. ಕಾಣದಿದ್ದರೆ ಯಂತ್ರ ಚಾಲೂ ಇದ್ದರೂ ಡೊಮೈನ್ ಸೇವೆ ಆರಂಭವಾಗಿಲ್ಲ ಎಂದರ್ಥ. ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ ಒಂಟಿಯಾಗಿ ಎದ್ದ ಕಂಟ್ರೋಲರ್, ಜೊತೆಯ ಕಂಟ್ರೋಲರ್‌ಗಳೊಡನೆ ಆರಂಭಿಕ ಹೊಂದಾಣಿಕೆ ಆಗಲೆಂದು ಕಾಯುತ್ತ ಕುಳಿತುಕೊಳ್ಳುವುದು ಇದಕ್ಕೆ ಒಂದು ಕಾರಣ. ವರ್ಚುವಲೈಸೇಶನ್‌ನ ರಕ್ಷಣಾ ವ್ಯವಸ್ಥೆ ಯಂತ್ರದ ಗುರುತು ಬದಲಾದದ್ದನ್ನು ಕಂಡು ಸಿಸ್‌ವಾಲ್ ಅನ್ನು ಬೇರೊಂದು ಕಂಟ್ರೋಲರ್‌ನಿಂದ ತರಲು ಹೊರಟು, ಆ ಕಂಟ್ರೋಲರ್ ಇಲ್ಲದೆ ನಿಲ್ಲುವುದು ಇನ್ನೊಂದು. ಡಿಸಿಡಯಾಗ್ ಉಪಕರಣದ ಅಡ್ವರ್ಟೈಸಿಂಗ್ ಪರೀಕ್ಷೆ ಈ ಸ್ಥಿತಿಯನ್ನು ಖಚಿತಪಡಿಸುತ್ತದೆ. ನನ್ನ ಅಭಿಪ್ರಾಯದಲ್ಲಿ, ಖರ್ಚು ಸ್ವಲ್ಪ ಹೆಚ್ಚಾದರೂ ಪುಣೆಯ ನೆಟ್‌ವರ್ಕ್‌ನಲ್ಲಿ ಸದಾ ಚಾಲೂ ಇರುವ ಒಂದು ಸಣ್ಣ ಡೊಮೈನ್ ಕಂಟ್ರೋಲರ್ ಇಟ್ಟು, ಸಾಮಾನ್ಯ ಆ್ಯಕ್ಟಿವ್ ಡೈರೆಕ್ಟರಿ (ಬಳಕೆದಾರರ ದಾಖಲೆ ಇಡುವ ಡೊಮೈನ್ ಸೇವೆ) ರೆಪ್ಲಿಕೇಶನ್‌ನಿಂದಲೇ ಅದನ್ನು ಹೊಂದಿಸಿಡುವುದು ಒಳ್ಳೆಯದು. ಆಗ ನಿಜ ಫೇಲ್‌ಓವರ್‌ನಲ್ಲಿ ಈ ಇಡೀ ಗೋಜಲು ಎದುರಾಗುವುದಿಲ್ಲ. ಟೆಸ್ಟ್‌ನ ಪ್ರತ್ಯೇಕ ನೆಟ್‌ವರ್ಕಿಗೆ ಮಾತ್ರ ಆಗಲೂ ಕಂಟ್ರೋಲರ್‌ನ ಒಂದು ಪ್ರತಿ ಬೇಕಾಗುತ್ತದೆ.

ಡೇಟಾಬೇಸ್: ಎರಡು ಸ್ಥಿತಿಗಳ ಅಂತರ

ಡೇಟಾಬೇಸ್ ನಡೆಸುವ ಎಸ್‌ಕ್ಯುಎಲ್ ಸರ್ವರ್ ತಂತ್ರಾಂಶದಲ್ಲಿ ಡೇಟಾಬೇಸಿನ ಹೆಸರಿನ ಮುಂದೆ ಇನ್ ರಿಕವರಿ ಎಂದಿದ್ದರೆ ಕಾಯಬೇಕು, ರಿಕವರಿ ಪೆಂಡಿಂಗ್ ಎಂದಿದ್ದರೆ ಕಾದು ಪ್ರಯೋಜನವಿಲ್ಲ. ಮೊದಲನೆಯದರಲ್ಲಿ, ವಿದ್ಯುತ್ ಹಠಾತ್ತನೆ ಹೋದ ಸರ್ವರಿನಂತೆ, ಅದು ಲಾಗ್ ಓದಿ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಪೂರೈಸುತ್ತ ಅಥವಾ ರದ್ದುಮಾಡುತ್ತ ಇರುತ್ತದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಫೈಲುಗಳೇ ಅದಕ್ಕೆ ಸಿಕ್ಕಿರುವುದಿಲ್ಲ.

ಫೈಲು ಸಿಗದಿರಲು ಡ್ರೈವ್ ಅಕ್ಷರವೇ ಕಾರಣವಾಗಿರುವುದು ಹೆಚ್ಚು. ಶಿರಸಿಯಲ್ಲಿ ಡೇಟಾಬೇಸ್ ಇದ್ದದ್ದು ಡಿ ಡ್ರೈವ್‌ನಲ್ಲಿ, ಅಜೂರ್‌ನಲ್ಲಿ ಯಂತ್ರ ಎದ್ದಾಗ ಅದರ ತಾತ್ಕಾಲಿಕ ಡಿಸ್ಕ್ ಡಿ ಅಕ್ಷರವನ್ನು ಹಿಡಿದುಕೊಂಡಿದೆ, ನಿಜವಾದ ಡೇಟಾ ಡಿಸ್ಕ್ ಆಫ್‌ಲೈನ್ ಆಗಿ ಕುಳಿತಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಶಾಶ್ವತ ಪರಿಹಾರವನ್ನು ಮೂಲ ಯಂತ್ರದಲ್ಲೇ ಮಾಡಬೇಕು: ಡಿಸ್ಕ್‌ಪಾರ್ಟ್ ಉಪಕರಣದಲ್ಲಿ ಸ್ಯಾನ್ ಪಾಲಿಸಿಯನ್ನು (ಹೊಸದಾಗಿ ಕಂಡ ಡಿಸ್ಕನ್ನು ತಾನಾಗಿ ತೆರೆಯಬೇಕೇ ಎಂಬ ನಿಯಮವನ್ನು) ಆನ್‌ಲೈನ್‌ಆಲ್ ಎಂದು ಬದಲಿಸಿಟ್ಟರೆ ಫೇಲ್‌ಓವರ್ ನಂತರ ಅಕ್ಷರಗಳು ಉಳಿಯುತ್ತವೆ. ಗಾಬರಿಯಲ್ಲಿ ಯಾರಾದರೂ ಆ ತಾತ್ಕಾಲಿಕ ಡಿಸ್ಕಿನ ಮೇಲೆಯೇ ಬ್ಯಾಕಪ್ ಇಳಿಸಿ ವ್ಯವಹಾರ ಶುರುಮಾಡದಂತೆ ನೋಡಿಕೊಳ್ಳಬೇಕು, ಏಕೆಂದರೆ ಯಂತ್ರವನ್ನು ಡೀಅಲೊಕೇಟ್ ಮಾಡಿದರೆ (ನಿಲ್ಲಿಸಿ ಅದರ ಹಾರ್ಡ್‌ವೇರ್ ಬಿಟ್ಟುಕೊಟ್ಟರೆ) ಅದರಲ್ಲಿದ್ದದ್ದು ಮರಳಿ ಬರುವುದಿಲ್ಲ.

ಇನ್ ರಿಕವರಿ ಸ್ಥಿತಿಯ ಸಲುವಾಗಿ ಎರಡನೆಯ ಗುಂಪಿನ ನಂತರ ಒಂದು ಕಾಯುವ ಹಂತ ಬೇಕು. ಹತ್ತು ನಿಮಿಷ ಸುಮ್ಮನೆ ಮಲಗುವ ಸ್ಕ್ರಿಪ್ಟನ್ನು ಬಹಳ ಮಂದಿ ಹಾಕುತ್ತಾರೆ, ಅದು ಒಂದು ದಿನ ಅತಿಯಾಗುತ್ತದೆ, ಇನ್ನೊಂದು ದಿನ ಸಾಲುವುದಿಲ್ಲ. ಡೇಟಾಬೇಸ್ ಆನ್‌ಲೈನ್ ಆಗಿದೆಯೇ ಎಂದು ಕೇಳುತ್ತ, ಒಂದು ಗರಿಷ್ಠ ಮಿತಿಯವರೆಗೆ ಮಾತ್ರ ಕಾಯುವ ಸ್ಕ್ರಿಪ್ಟ್ ಸರಿಯಾದದ್ದು. ಆದರೆ ಹಾಗೆ ಬರೆದವರೂ ಒಂದು ಕಡೆ ಎಡವುತ್ತಾರೆ. ರನ್‌ಬುಕ್ ಓಡುವುದು ಕ್ಲೌಡ್‌ನ ತನ್ನದೇ ಆವರಣದಲ್ಲಿ, ಅಲ್ಲಿಂದ ನಮ್ಮ ಖಾಸಗಿ ನೆಟ್‌ವರ್ಕಿನ 1433ನೆಯ ಪೋರ್ಟ್ (ಎಸ್‌ಕ್ಯುಎಲ್ ಸರ್ವರ್‌ನ ಸಂಪರ್ಕದ್ವಾರ) ಕಾಣುವುದೇ ಇಲ್ಲ. ಡೇಟಾಬೇಸ್ ಆರೋಗ್ಯವಾಗಿದ್ದರೂ ಪರೀಕ್ಷೆ ಪ್ರತಿ ಸಲ ಸೋಲುತ್ತದೆ. ಪರೀಕ್ಷೆಯನ್ನು ರನ್ ಕಮಾಂಡ್ ಮೂಲಕ ಯಂತ್ರದೊಳಗೇ ಓಡಿಸಬೇಕು, ಇಲ್ಲವೇ ಅದೇ ನೆಟ್‌ವರ್ಕ್‌ನಲ್ಲಿ ಹೈಬ್ರಿಡ್ ವರ್ಕರ್ (ರನ್‌ಬುಕ್‌ಗಳನ್ನು ನಮ್ಮ ನೆಟ್‌ವರ್ಕಿನೊಳಗೇ ಓಡಿಸುವ ಯಂತ್ರ) ಇಡಬೇಕು. ರನ್ ಕಮಾಂಡ್ ಕೆಲಸ ಮಾಡಲು ಯಂತ್ರದಲ್ಲಿ ಅಜೂರ್ ಏಜೆಂಟ್ ಸ್ಥಾಪನೆಯಾಗಿರಬೇಕು ಎಂಬುದನ್ನು ಇಲ್ಲೇ ನೆನಪಿಟ್ಟುಕೊಳ್ಳಿ.

ಲೆಕ್ಕ ತಾಳೆಯಾಗದಿದ್ದರೆ

ಎಲ್ಲಕ್ಕಿಂತ ತಡವಾಗಿ ಗೊತ್ತಾಗುವ, ಎಲ್ಲಕ್ಕಿಂತ ದುಬಾರಿಯಾದ ದೋಷ ಇದು. ಸೇವೆ ನಡೆಯುತ್ತಿದೆ, ಶಾಖೆಗಳು ತೆರೆದಿವೆ, ಸಂಜೆ ದಿನದ ಲೆಕ್ಕ ಮುಗಿಸುವಾಗ ಟೆಂಡರಿನ ಮೊತ್ತಕ್ಕೂ ಸದಸ್ಯರ ಖಾತೆಗೆ ಜಮೆಯಾದ ಮೊತ್ತಕ್ಕೂ ಹೊಂದಿಕೆಯಾಗುವುದಿಲ್ಲ.

ಟೆಂಡರು ತೆರೆದ ಕೂಡಲೇ ಯಾವ ಲಾಟು ಯಾವ ವ್ಯಾಪಾರಿಗೆ ಎಷ್ಟು ದರಕ್ಕೆ ಹೋಯಿತು ಎಂಬುದು ಒಂದು ಡೇಟಾಬೇಸಿಗೆ ಬೀಳುತ್ತದೆ, ಕೆಲವು ನಿಮಿಷಗಳಲ್ಲಿ ಕಮಿಶನ್ ಕಳೆದು ಬೆಳೆಗಾರರ ಖಾತೆಗೆ ಮೊತ್ತ ಇನ್ನೊಂದು ಡೇಟಾಬೇಸಿನಲ್ಲಿ ಜಮೆಯಾಗುತ್ತದೆ. ಸೈಟ್ ರಿಕವರಿ ಪ್ರತಿ 5 ನಿಮಿಷಕ್ಕೊಂದು ಕ್ರ್ಯಾಶ್-ಕನ್ಸಿಸ್ಟೆಂಟ್ ಬಿಂದುವನ್ನು (ವಿದ್ಯುತ್ ಹಠಾತ್ತನೆ ಹೋದಾಗ ಉಳಿಯುವಂಥ ಡಿಸ್ಕಿನ ಸ್ಥಿತಿಯನ್ನು) ಉಳಿಸುತ್ತದೆ, ಆದರೆ ಸಾಮಾನ್ಯ ವ್ಯವಸ್ಥೆಯಲ್ಲಿ ಪ್ರತಿ ಯಂತ್ರಕ್ಕೂ ಅದರದರದೇ ಬಿಂದು. ಟೆಂಡರಿನ ಯಂತ್ರ 3 ಗಂಟೆ 10 ನಿಮಿಷದ ಬಿಂದುವಿಗೂ ಖಾತೆಗಳ ಯಂತ್ರ 3 ಗಂಟೆ 15 ನಿಮಿಷದ ಬಿಂದುವಿಗೂ ಎದ್ದರೆ, ಟೆಂಡರಿನಲ್ಲಿ ಮಾರಾಟವೇ ಆಗದ ಚಾಲಿ ಅಡಿಕೆಯ ಲಾಟಿಗೆ ಖಾತೆಯಲ್ಲಿ ಹಣ ಜಮೆಯಾಗಿರುತ್ತದೆ. ಎರಡೂ ಡೇಟಾಬೇಸ್‌ಗಳು ತಮ್ಮ ಮಟ್ಟಿಗೆ ನಿರ್ದೋಷಿಗಳು, ಯಾವ ಎರರ್ ಲಾಗಿನಲ್ಲೂ ಏನೂ ಸಿಗುವುದಿಲ್ಲ.

ಪತ್ತೆಹಚ್ಚಲು ಎರಡೂ ಕಡೆಯ ಕೊನೆಯ ವ್ಯವಹಾರದ ವೇಳೆಯನ್ನು ತೆಗೆದು ಪಕ್ಕಪಕ್ಕದಲ್ಲಿ ಇಡಬೇಕು. ಅಂತರವಿದ್ದರೆ ಫೇಲ್‌ಓವರ್ ಜಾಬಿನಲ್ಲಿ ಪ್ರತಿ ಯಂತ್ರಕ್ಕೆ ಬಳಸಿದ ರಿಕವರಿ ಬಿಂದುವನ್ನು ನೋಡಬೇಕು. ಪರಿಹಾರವೆಂದರೆ ಈ ಎರಡು ಯಂತ್ರಗಳನ್ನು, ವ್ಯವಹಾರ ನಡುವೆ ಸಿಕ್ಕಿಕೊಳ್ಳುವಂತಿದ್ದರೆ ಅಪ್ಲಿಕೇಶನ್ ಸರ್ವರನ್ನೂ, ಒಂದೇ ರೆಪ್ಲಿಕೇಶನ್ ಗುಂಪಿಗೆ ಹಾಕಿ ಮಲ್ಟಿ-ವಿಎಂ ಕನ್ಸಿಸ್ಟೆನ್ಸಿ (ಗುಂಪಿನ ಎಲ್ಲ ಯಂತ್ರಗಳಿಗೂ ಒಂದೇ ಕ್ಷಣದ ಬಿಂದು) ಚಾಲೂ ಮಾಡುವುದು. ಒಂದು ಗುಂಪಿಗೆ 16 ಯಂತ್ರಗಳವರೆಗೆ ಸೇರಿಸಬಹುದು, ಆದರೆ ಸೇರಿಸಬಹುದು ಎಂದು ಎಲ್ಲವನ್ನೂ ತುರುಕಬಾರದು, ಅದರಿಂದ ಯಂತ್ರಗಳ ಮೇಲೆ ಹೊರೆ ಹೆಚ್ಚುತ್ತದೆ. ಗುಂಪಿನ ಯಂತ್ರಗಳು 20004ನೆಯ ಪೋರ್ಟ್‌ನಲ್ಲಿ ಪರಸ್ಪರ ಮಾತಾಡಬೇಕು, ನಡುವಿನ ಫೈರ್‌ವಾಲ್ ಅದನ್ನು ತಡೆದಿದ್ದರೆ ಸೌಲಭ್ಯ ಚಾಲೂ ಎಂದು ಕಂಡರೂ ಸಮಾನ ಬಿಂದುಗಳು ಹುಟ್ಟುವುದಿಲ್ಲ. ಪ್ಲಾನ್ ಓಡಿಸುವಾಗಲೂ ಲೇಟೆಸ್ಟ್ ಮಲ್ಟಿ-ವಿಎಂ ಪ್ರೊಸೆಸ್ಡ್ ಎಂಬ ಆಯ್ಕೆಯನ್ನೇ ಮಾಡಬೇಕು. ಅಭ್ಯಾಸಬಲದಿಂದ ಬರಿಯ ಲೇಟೆಸ್ಟ್ ಪ್ರೊಸೆಸ್ಡ್ ಒತ್ತಿದರೆ ಗುಂಪು ಕಟ್ಟಿದ ಶ್ರಮವೆಲ್ಲ ವ್ಯರ್ಥ. ಇನ್ನು ಫೇಲ್‌ಓವರ್ ಅನ್ನು ಕಮಿಟ್ ಮಾಡಿದ (ಅಂತಿಮವೆಂದು ಖಚಿತಪಡಿಸಿದ) ಮೇಲೆ ಹಳೆಯ ಬಿಂದುಗಳಿಗೆ ಮರಳಲಾಗದು, ಆದ್ದರಿಂದ ಲೆಕ್ಕ ತಾಳೆ ನೋಡುವ ಕೆಲಸವನ್ನು ಕಮಿಟ್‌ಗೆ ಮುಂಚೆ, ಒಂದು ಮ್ಯಾನ್ಯುವಲ್ ಆ್ಯಕ್ಷನ್ (ಮನುಷ್ಯರೇ ಮುಗಿಸಿ ಒಪ್ಪಿಗೆ ಕೊಡುವ ಹಂತ) ಆಗಿ ಪ್ಲಾನಿನ ಕೊನೆಗೆ ಸೇರಿಸಿ, ಲೆಕ್ಕಪತ್ರ ವಿಭಾಗದವರ ಒಪ್ಪಿಗೆಯ ಮೇಲೆ ಮುಗಿಸಬೇಕು.

ಶಾಖೆಯಿಂದ ಪುಣೆಗೆ ದಾರಿ

ಪುಣೆಯೊಳಗೆ ಎಲ್ಲ ಸರಿಯಿದ್ದು ಶಾಖೆಗೆ ಮಾತ್ರ ಏನೂ ಕಾಣದಿದ್ದರೆ ನೆಟ್‌ವರ್ಕಿನ ನಕ್ಷೆಯನ್ನು ಬಿಡಿಸಿ ನೋಡಬೇಕು. ನಾಲ್ಕೂ ಶಾಖೆಗಳ ವಿಪಿಎನ್ ಸುರಂಗಗಳು (ಇಂಟರ್‌ನೆಟ್ ಮೇಲಿನ ಖಾಸಗಿ ದಾರಿಗಳು) ಶಿರಸಿಗೆ ಬಂದು, ಅಲ್ಲಿಂದ ಒಂದೇ ಸುರಂಗ ಪುಣೆಗೆ ಹೋಗುವ ವ್ಯವಸ್ಥೆ ನಮ್ಮಲ್ಲಿ ಸಾಮಾನ್ಯ. ಶಿರಸಿಯ ವಿದ್ಯುತ್ ಹೋದಾಗ ಸರ್ವರ್‌ಗಳು ಪುಣೆಗೆ ಹೋದವು, ದಾರಿ ಮಾತ್ರ ಶಿರಸಿಯ ಕತ್ತಲೆಯಲ್ಲೇ ಉಳಿಯಿತು. ಪ್ರತಿ ಶಾಖೆಯ ರೌಟರಿನಲ್ಲೂ ಪುಣೆಯ ಗೇಟ್‌ವೇಗೆ ನೇರವಾದ ಎರಡನೆಯ ಸುರಂಗ ಮೊದಲೇ ಸಿದ್ಧವಿರಬೇಕು, ಟೆಸ್ಟ್‌ನಲ್ಲಿ ಒಂದಾದರೂ ಶಾಖೆ ಅದರ ಮೂಲಕವೇ ಲಾಗಿನ್ ಆಗಿ ತೋರಿಸಬೇಕು.

ಐಪಿ ವಿಳಾಸ ಉಳಿಸಿಕೊಂಡವರಿಗೂ ಬದಲಿಸಿದವರಿಗೂ ಬೇರೆ ಬೇರೆ ತೊಂದರೆ. ಬದಲಾಗಿದ್ದರೆ ಡಿಎನ್‌ಎಸ್ ದಾಖಲೆಗಳು (ಯಂತ್ರದ ಹೆಸರಿಗೆ ವಿಳಾಸ ಹೇಳುವಂಥವು), ಅಪ್ಲಿಕೇಶನ್ನಿನ ಸಂರಚನೆಯಲ್ಲಿ ನೇರವಾಗಿ ಬರೆದಿಟ್ಟ ಹಳೆಯ ವಿಳಾಸಗಳು ಅಡ್ಡಬರುತ್ತವೆ. ಉಳಿಸಿಕೊಂಡರೆ ಆ ಸಬ್‌ನೆಟ್ (ಒಂದು ವಿಳಾಸಶ್ರೇಣಿಯ ನೆಟ್‌ವರ್ಕ್) ಇಡಿಯಾಗಿ ಪುಣೆಗೆ ಹೋಗಬೇಕು. ಅದೇ ಸಬ್‌ನೆಟ್ಟಿನ ಪ್ರಿಂಟರೋ ಹಾಜರಿ ಯಂತ್ರವೋ ಶಿರಸಿಯಲ್ಲಿ ಉಳಿದು ಎರಡೂ ಕಡೆ ಒಂದೇ ವಿಳಾಸಶ್ರೇಣಿ ಇದ್ದರೆ ರೌಟಿಂಗ್ ಗೊಂದಲವಾಗುತ್ತದೆ. ಎಸ್‌ಎಂಎಸ್ ಹೋಗುತ್ತಿಲ್ಲ, ಬ್ಯಾಂಕಿನ ಪಾವತಿ ಸಂಪರ್ಕ ನಿರಾಕರಿಸುತ್ತಿದೆ ಎಂದಾದರೆ ಆ ಸಂಸ್ಥೆಗಳು ತಮ್ಮ ಕಡೆ ಶಿರಸಿಯ ಸ್ಥಿರ ಐಪಿಯನ್ನಷ್ಟೇ ಅನುಮತಿಸಿವೆಯೇ ಎಂದು ಕೇಳಬೇಕು. ಪುಣೆಯಿಂದ ಹೊರಹೋಗುವ ವಿಳಾಸವನ್ನು ಮುಂಚೆಯೇ ಕಾದಿರಿಸಿ ಅವರಲ್ಲಿ ನೋಂದಾಯಿಸಿಡುವುದು ಒಂದು ಪತ್ರದಲ್ಲಿ ಮುಗಿಯುವ ಕೆಲಸ.

ಇದಕ್ಕೆ ತಿರುವುಮುರುವಾದ ಅಪಾಯ ಟೆಸ್ಟ್ ಫೇಲ್‌ಓವರ್‌ನಲ್ಲಿದೆ. ಪ್ರತ್ಯೇಕ ನೆಟ್‌ವರ್ಕಿಗೆ ಇಂಟರ್‌ನೆಟ್ ತೆರೆದಿದ್ದರೆ ಎಸ್‌ಎಂಎಸ್ ಯಂತ್ರದ ಪ್ರತಿ ಎದ್ದ ಕೂಡಲೇ ಸರದಿಯಲ್ಲಿದ್ದ ಸಂದೇಶಗಳನ್ನು ಸದಸ್ಯರಿಗೆ ಎರಡನೆಯ ಸಲ ನಿಜವಾಗಿಯೇ ಕಳಿಸಿಬಿಡಬಹುದು. ಫೇಲ್‌ಓವರ್‌ನ ಬಗೆ ಟೆಸ್ಟ್ ಎಂದಿದ್ದರೆ ಆ ಯಂತ್ರದ ಹೊರಹೋಗುವ ದಾರಿ ಮುಚ್ಚಿ, ವೇಳಾಪಟ್ಟಿಯ ಕೆಲಸಗಳನ್ನು ನಿಲ್ಲಿಸುವ ಹಂತವನ್ನು ರನ್‌ಬುಕ್‌ನಲ್ಲಿ ಸೇರಿಸುವುದು ಐಚ್ಛಿಕವಲ್ಲ.

ಪ್ಲಾನು ನಡುವೆ ನಿಂತು ಮುಂದೆ ಹೋಗದಿದ್ದರೆ

ಯಾವ ಎರರ್ ಕೂಡ ಇಲ್ಲದೆ ಜಾಬು ನಿಂತಿದ್ದರೆ ಅದು ಮ್ಯಾನ್ಯುವಲ್ ಆ್ಯಕ್ಷನ್‌ನಲ್ಲಿ ಒಬ್ಬ ಮನುಷ್ಯನಿಗಾಗಿ ಕಾಯುತ್ತಿರುತ್ತದೆ. ಆ ಮನುಷ್ಯ ಶಿರಸಿಯಲ್ಲೇ ಇದ್ದು, ಕರೆಂಟೂ ಮೊಬೈಲ್ ಸಿಗ್ನಲ್ಲೂ ಇಲ್ಲದಿದ್ದರೆ ಪ್ಲಾನ್ ಬೆಳಗಾಗುವವರೆಗೆ ಕಾಯುತ್ತದೆ. ಆದ್ದರಿಂದ ಒಪ್ಪಿಗೆ ಕೊಡುವ ಅಧಿಕಾರ ಇಬ್ಬರಿಗಾದರೂ ಇರಬೇಕು, ಒಬ್ಬರು ಘಟ್ಟದಾಚೆ, ಹುಬ್ಬಳ್ಳಿಯಂಥ ಕಡೆ ಇರುವವರಾಗಿರಬೇಕು. ಪೋರ್ಟಲ್‌ಗೆ ಲಾಗಿನ್ ಆಗುವ ವ್ಯವಸ್ಥೆ ಶಿರಸಿಯಲ್ಲೇ ಇರುವ ಎಡಿಎಫ್‌ಎಸ್ (ಲಾಗಿನ್ ದೃಢೀಕರಿಸುವ) ಸರ್ವರಿನ ಮೇಲೆ ನಿಂತಿದ್ದರೆ, ಅದು ಬಿದ್ದ ದಿನ ಅದನ್ನು ಎಬ್ಬಿಸಲೆಂದು ಲಾಗಿನ್ ಆಗುವುದೇ ಅಸಾಧ್ಯ. ಕ್ಲೌಡ್‌ನಲ್ಲೇ ಇರುವ ತುರ್ತು ಖಾತೆಯೊಂದನ್ನು ತೆರೆದು, ಅದರ ಎರಡನೆಯ ದೃಢೀಕರಣಕ್ಕೆ ಭೌತಿಕ ಕೀಲಿ ಇಟ್ಟುಕೊಳ್ಳಬೇಕು. ಹಂತಗಳನ್ನು ಬರೆದ ಕಡತ ಫೈಲ್ ಸರ್ವರಿನಲ್ಲಷ್ಟೇ ಇದ್ದರೆ ಅದರ ಮುದ್ರಿತ ಪ್ರತಿಯನ್ನೂ ಜೊತೆಗಿಡಿ.

ಲೈಸೆನ್ಸಿನ ತೊಂದರೆ ಚಿಕ್ಕದು, ಆದರೆ ಪರಿಹರಿಸಲು ದಿನ ಹಿಡಿಯುತ್ತದೆ. ಲೆಕ್ಕಪತ್ರದ ಕೆಲವು ತಂತ್ರಾಂಶಗಳು ಯುಎಸ್‌ಬಿ ಡಾಂಗಲ್ ಅಥವಾ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಕ್ಕೆ ಕಟ್ಟಿಕೊಂಡಿರುತ್ತವೆ, ಡಾಂಗಲ್ ಶಿರಸಿಯ ಸರ್ವರಿಗೆ ಸಿಕ್ಕಿಸಿಯೇ ಇರುತ್ತದೆ. ತಯಾರಕರಿಂದ ವಿಪತ್ತಿಗೆಂದೇ ಬೇರೆ ಲೈಸೆನ್ಸನ್ನು ಲಿಖಿತವಾಗಿ ಪಡೆಯಬೇಕು.

ರೆಪ್ಲಿಕೇಶನ್ನಿನ ಹಿಂಬಾಕಿಯ ಬಗ್ಗೆ ಇಷ್ಟೇ ಹೇಳಬಹುದು: ಫೈಬರ್ ತುಂಡಾಗಿ ಕಚೇರಿ 4ಜಿ ಮೇಲೆ ನಡೆಯುವ ದಿನಗಳಲ್ಲಿ ಅಪ್‌ಲೋಡ್ ವೇಗ ದಿನದ ಬದಲಾವಣೆಗೆ ಸಾಲದೆ ಆರ್‌ಪಿಒ (ಎಷ್ಟು ಹೊತ್ತಿನ ಡೇಟಾ ಕಳೆದುಹೋಗಬಹುದು ಎಂಬ ಅಳತೆ) ಬೆಳೆಯುತ್ತ ಹೋಗುತ್ತದೆ, ಅದಕ್ಕೆ ಎಚ್ಚರಿಕೆ ಸಂದೇಶ ಇಟ್ಟುಕೊಳ್ಳಿ.

ಶಿರಸಿಗೆ ಮರಳುವಾಗ

ಕರೆಂಟು ಬಂದ ಮಾರನೆಯ ದಿನವೇ ಮರಳುವ ಆತುರ ಬೇಡ. ಮರುರಕ್ಷಣೆ ಮಾಡಿ (ರೆಪ್ಲಿಕೇಶನ್ ಅನ್ನು ಪುಣೆಯಿಂದ ಶಿರಸಿಗೆ ತಿರುಗಿಸಿ), ಬದಲಾದ ಡೇಟಾ ಶಿರಸಿಗೆ ಪೂರ್ತಿ ಹರಿದ ಮೇಲೆ, ಟೆಂಡರು ಇಲ್ಲದ ದಿನ ನೋಡಿ ಫೇಲ್‌ಬ್ಯಾಕ್ ಇಟ್ಟುಕೊಳ್ಳಬೇಕು. ಈ ಹಂತದಲ್ಲಿ ಸ್ಕ್ರಿಪ್ಟುಗಳು ಸೋತರೆ ಅವು ದಿಕ್ಕನ್ನು ಪರೀಕ್ಷಿಸದಿರುವುದೇ ಬಹುತೇಕ ಕಾರಣ: ಹೋಗುವಾಗ ಡಿಎನ್‌ಎಸ್ ಅನ್ನು ಪುಣೆಗೆ ತಿರುಗಿಸಿದ ಅದೇ ರನ್‌ಬುಕ್ ಬರುವಾಗಲೂ ಓಡಿ ಮತ್ತೆ ಪುಣೆಗೇ ತಿರುಗಿಸಿರುತ್ತದೆ. ಕಾಂಟೆಕ್ಸ್ಟಿನಲ್ಲಿ ದಿಕ್ಕು ಸೆಕೆಂಡರಿ ಟು ಪ್ರೈಮರಿ ಎಂದಿದ್ದಾಗ ಏನು ಮಾಡಬೇಕೆಂಬುದನ್ನು ಪ್ರತಿ ರನ್‌ಬುಕ್‌ನಲ್ಲೂ ಪ್ರತ್ಯೇಕವಾಗಿ ಬರೆಯಬೇಕು. ಮರಳಿ ಬಂದ ಮೇಲೆ ಶಿರಸಿಯಿಂದ ಪುಣೆಗೆ ರೆಪ್ಲಿಕೇಶನ್ ಮತ್ತೆ ಚಾಲೂ ಆಗಿದೆಯೇ, ಮಲ್ಟಿ-ವಿಎಂ ಗುಂಪು ಹಾಗೆಯೇ ಉಳಿದಿದೆಯೇ ಎಂದು ನೋಡಿ, ಆಮೇಲೆಯೇ ಆ ಘಟನೆಯ ಕಡತವನ್ನು ಮುಚ್ಚಬೇಕು.